ಕತ್ತರಿಯ ಮೊಳೆ

ಹೊಲಿಗೆ ಅಂಗಡಿ, ಕತ್ತರಿಸುವ ಮೇಜಿನಿಂದ
ಮಾರ್ಚ್ ೧೧, ಮಂಗಳವಾರ

ಮುದ್ದಿನ ಮೊಮ್ಮಗಳೇ,

ಇದನ್ನು ಬರೆಯುತ್ತಿರುವವಳು ಈ ಬೀದಿಯ ಮೊದಲ ಹೊಲಿಗೆ ಅಂಗಡಿಯ ಯಜಮಾನಿ, ನಿನ್ನ ಅಪ್ಪನನ್ನು ಹೆತ್ತವಳು, ಹೈಸ್ಕೂಲು ಪಾಸಾದವಳು. ನಿನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ನಿನ್ನ ಹೋದ ಪತ್ರ ಓದಿದ ಮೇಲೆ ಒಮ್ಮೆ ನೆನಪಿಸುವುದು ಒಳ್ಳೆಯದೆನಿಸಿತು. ಹೇಗಿದ್ದೀಯ? ಕೆಮ್ಮು ನಿಂತಿತೇ? ದೇವಶಾಸ್ತ್ರದ ಕಾಲೇಜಿನಲ್ಲಿ ಹೀಬ್ರೂ ಕಲಿಸುತ್ತಾರೆ, ಸರಿ. ಹೊತ್ತಿಗೆ ಸರಿಯಾಗಿ ಉಣ್ಣುವುದನ್ನೂ ಕಲಿಸಲಿ. ನನಗೆ ಬೆರಳ ಗಂಟುಗಳಲ್ಲಿ ನೋವು. ಹಾಗೆಂದು ಕತ್ತರಿ ಹಿಡಿಯಲಾರೆ ಎಂದಲ್ಲ.

ಈಗ ನಿನ್ನ ಹೀಬ್ರೂ ವಿಚಾರ. ಮೇಜಿನ ಮೇಲ್ಗಡೆ ನಾನೇ ಕಸೂತಿ ಹಾಕಿ ಕಟ್ಟು ಹಾಕಿಸಿದ ಬೈಬಲಿನ ಕೀರ್ತನೆಯ ಮಾತಿದೆಯಲ್ಲ, 'ಶಾಂತರಾಗಿರಿ' ಎಂದು? ನಾನು ಕತ್ತರಿ ಎತ್ತಿ ಅತ್ತ ಬೆರಳು ತೋರಿಸಿದರೆ ಯಂತ್ರಗಳೂ ಬಾಯಿಗಳೂ ನಿಲ್ಲಬೇಕು. ಅದು ಅಂಗಡಿಯ ನಿಯಮ. ನಿನ್ನ ಅಮ್ಮನ ಬಾಯಿಯನ್ನು ಇಷ್ಟು ವರ್ಷ ಹಿಡಿದಿಟ್ಟದ್ದು ಆ ವಚನವೇ. ನೀನೋ, ಮೂಲದ ಪದ 'ರಾಫಾ', ಅದು ಬಾಯಿಗಲ್ಲ, ಕೈಗೆ ಹೇಳಿದ ಮಾತು, ಬಿಗಿಹಿಡಿದದ್ದನ್ನು ಸಡಿಲಬಿಡು, ಯುದ್ಧ ಸಾಕುಮಾಡು ಎಂದರ್ಥ ಎಂದು ಬರೆದೆ. ನಿನ್ನ ಅಮ್ಮ ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದಳು. ಎರಡು ಸಲ. ಗುಂಡಿ ಹೊಲಿಯುವ ದಪ್ಪಕ್ಕ ನಕ್ಕೂ ನಕ್ಕೂ ಸೂಜಿ ಕಳೆದುಕೊಂಡಳು.

ಭಾನುವಾರ ಆರಾಧನೆ ಮುಗಿದ ಕೂಡಲೇ ಪಾದ್ರಿಯವರನ್ನು ಹಿಡಿದೆ. ದಪ್ಪ ನಿಘಂಟು ತೆಗೆದು, ಕನ್ನಡಕ ಏರಿಸಿ, "ಹುಡುಗಿ ಸರಿಯಾಗೇ ಹೇಳಿದ್ದಾಳೆ ಅಮ್ಮಾ. ಜೋತುಬಿದ್ದ ಕೈಗಳಿಗೂ ಇದೇ ಪದ," ಅಂದರು. "ಹಾಗಾದರೆ ಅಂಗಡಿಯಲ್ಲಿ ಗಲಾಟೆ ಮಾಡಬಹುದೋ?" ಅಂದೆ. ಪುಣ್ಯಾತ್ಮರು ಕೆಮ್ಮಿ ನಿಘಂಟು ಮುಚ್ಚಿದರು.

ಇವತ್ತು ಬೆಳಿಗ್ಗೆ ಚರ್ಚಿನ ಗಾಯಕವೃಂದದ ನಿಲುವಂಗಿಗಳ ಬಟ್ಟೆ ಬಂತು. ಕಡುನೀಲಿ, ಹಿಡಿದಲ್ಲಿ ನಿಲ್ಲದೆ ಜಾರುವಂಥದು. ನಿನ್ನ ಅಮ್ಮ ಮೇಜಿಗೆ ಅಡ್ಡ ನಿಂತಳು. "ಅತ್ತೆ, ಮದುವೆಯಾಗಿ ಬಂದಾಗಿನಿಂದ ನೀವು ಕತ್ತರಿಸಿದ್ದನ್ನೇ ಹೊಲಿದಿದ್ದೀನಿ. ಇದನ್ನೂ ನೀವೇ ಕತ್ತರಿಸಿದ್ರೆ ನಾಳೆಯಿಂದ ಎದುರಂಗಡಿಗೆ ಹೋಗ್ತೀನಿ. ಅಲ್ಲಿ ನನಗೆ ಕತ್ತರಿ ಕೊಡ್ತಾರೆ."

"ಎದುರಂಗಡಿಯವನಿಗೆ ತೋಳ್ಯಾವುದು ಕಾಲ್ಯಾವುದು ಅಂತ ಗೊತ್ತೇನೇ?" ಅಂದೆ.

"ಗೊತ್ತಿಲ್ಲ. ಅದಕ್ಕೇ ನನ್ನ ಕರೀತಿದ್ದಾನೆ."

ನಗು ಬಂತು, ತೋರಿಸಲಿಲ್ಲ. ಅವಳು ಹೇಳಿದ್ದನ್ನು ಮಾಡುವ ಪೈಕಿ. ಅವಳು ಹೋದರೆ ಈ ಅಂಗಡಿಯಲ್ಲಿ ಸದ್ದೇ ಇರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಹೊಳೆಯಿತು. ಅದೇ ತಾನೇ ನಾನು ಇಷ್ಟು ವರ್ಷ ಬೇಡಿದ್ದು? ಆದರೂ ಕತ್ತರಿಯನ್ನು ಮತ್ತೆ ಮೇಲಿನ ಮೊಳೆಗೆ ನೇತುಹಾಕಿ, ಬರೆಯಲು ಈ ಕಾಗದ ತೆಗೆದೆ. ಈಗ ಬಟ್ಟೆ ಮೇಜಿನ ಮೇಲೆ ಹರಡಿದೆ, ಅವಳು ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಾಳೆ. ಮೊಮ್ಮಗಳ ಪತ್ರ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದೇನೆ. ಅದಕ್ಕೇ ಪತ್ರ ಇಷ್ಟು ಉದ್ದವಾಯಿತು.

ದೇವರು ನಿನ್ನನ್ನೂ ನಿನ್ನ ನಿಘಂಟುಗಳನ್ನೂ ಕಾಯಲಿ. ಕಿವಿಗೆ ಬೆಚ್ಚಗೆ ಸುತ್ತಿಕೋ.

ಇಂತಿ,
ನಿನ್ನ ಅಜ್ಜಿ

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು, ಅವಸರದಲ್ಲಿದ್ದೇನೆ. ಕತ್ತರಿ ನೇತುಹಾಕುವ ಮೊಳೆಯನ್ನು ಕಿತ್ತು, ನಿನ್ನ ಕುಳ್ಳಿ ಅಮ್ಮನ ಕೈಗೆಟುಕುವ ಹಾಗೆ ಕೆಳಗೆ ಹೊಡೆದಿದ್ದೇನೆ. ಮೊದಲ ನಿಲುವಂಗಿಯನ್ನು ಅವಳೇ ಕತ್ತರಿಸಿದಳು. ಕತ್ತರಿಸುವಷ್ಟು ಹೊತ್ತೂ ಮಾತು. ಗೆರೆ ಮಾತ್ರ ಎಲ್ಲೂ ಓರೆಯಾಗಲಿಲ್ಲ. ನಾನು ಕೈ ಸಡಿಲಬಿಟ್ಟು ದಪ್ಪಕ್ಕನ ಪಕ್ಕದಲ್ಲಿ ಕೂತು, ತೋಳಿನ ಅಳತೆ ಹೇಗಿರಬೇಕೆಂದು ಗಟ್ಟಿಯಾಗಿ ಹೇಳುತ್ತಿದ್ದೇನೆ. ವಚನ ಬಾಯಿಗಲ್ಲ ಎಂದವಳು ನೀನೇ ತಾನೇ.