ಮೂರನೆಯವಳ ಜಾಗ

ಉಡುಪಿನ ಕೋಣೆ
ಬುಧವಾರ, ಮಧ್ಯಾಹ್ನ

ನನ್ನ ಮುದ್ದು ಗುಬ್ಬಿ,

ನಿನ್ನ ಕಾಗದ ಬಂತು. ನಮ್ಮ ಬ್ಯಾಲೆ ತಂಡದ ಐವತ್ತನೇ ವರ್ಷದ ಪ್ರದರ್ಶನಕ್ಕೆ ಹೊಸ ನಿರ್ದೇಶಕರು ನಿನ್ನನ್ನು ಕರೆದಿದ್ದಾರೆ, ಕೊಕ್ಕರೆಗಳ ಸಾಲಿನಲ್ಲಿ ಮೂರನೆಯ ಜಾಗ ನಿನಗೇ ಎಂದಿದ್ದಾರೆ, ಅಲ್ಲವೇ? ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ ಎಂದು ಬರೆದಿದ್ದೀಯ. ಬೇರೆ ತಾಯಿಯಾಗಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಾನು ಬರಬೇಡ ಎನ್ನಲು ಬರೆಯುತ್ತಿದ್ದೇನೆ. ಮೂಗಿನ ತುದಿಯ ಕೋಪ ನಮ್ಮ ಮನೆತನದ ಆಸ್ತಿ, ಗೊತ್ತು. ಆದರೂ ಕೊನೆಯವರೆಗೆ ಓದು.

ನಾನು ಇಲ್ಲಿ ಉಡುಪು ಹೊಲಿಯುವ ಹಳಬಳೆಂದು ಸ್ಮರಣ ಸಂಚಿಕೆಗೆ ತಂಡದ ಇತಿಹಾಸವನ್ನು ನನ್ನಿಂದಲೇ ಬರೆಸಿದ್ದಾರೆ. ಹಳೆಯ ನೂಲಿನ ಗೋದಾಮಿನಲ್ಲಿ ದೊಡ್ಡ ಟೀಚರ್ ಆರು ಹುಡುಗಿಯರನ್ನು ಕಟ್ಟಿಕೊಂಡು ಶುರು ಮಾಡಿದ್ದು, ಒಂದೇ ಬಸ್ಸಿನಲ್ಲಿ ಉಡುಪು, ಪರದೆ, ನೆಲಹಾಸು ಎಲ್ಲ ತುಂಬಿಕೊಂಡು ಸಣ್ಣ ಸಣ್ಣ ಊರುಗಳ ಶಾಲೆಗಳಲ್ಲಿ ಕುಣಿದದ್ದು, ಎಲ್ಲವನ್ನೂ ಎರಡು ಪುಟದಲ್ಲಿ ಬರೆದುಕೊಟ್ಟೆ. ಬರೆಯದೆ ಬಿಟ್ಟದ್ದು ನಿನ್ನ ದೊಡ್ಡಮ್ಮನ ವಿಷಯ.

ಅಕ್ಕ ಆ ಕೊಕ್ಕರೆಗಳ ಸಾಲಿನಲ್ಲಿ ಮೂರನೆಯವಳು. ಕುಣಿಯುವಾಗ ವೇದಿಕೆಯ ಅಂಚಿನಿಂದ ವಾದ್ಯದವರು ಕೂರುವ ತಗ್ಗಿಗೆ ಬಿದ್ದು ಸತ್ತಳು ಎಂಬುದು ನಿನಗೆ ಗೊತ್ತು. ಆಮೇಲೆ ನಡೆದದ್ದು ಗೊತ್ತಿಲ್ಲ. ಮರುವಾರ ಇನ್ನೊಂದು ಊರಿನಲ್ಲಿ ಆಟವಿತ್ತು. ಬದಲಿಗೆ ಯಾರನ್ನು ನಿಲ್ಲಿಸುವುದು ಎಂದು ಹುಡುಗಿಯರು ಕೇಳಿದರೆ ದೊಡ್ಡ ಟೀಚರ್, “ಯಾರೂ ಬೇಡ. ಅವಳ ಜಾಗ ಬಿಟ್ಟು ಕುಣೀರಿ” ಅಂದರು. ಆ ಮಾತನ್ನು ಹಿಂತೆಗೆದುಕೊಳ್ಳುವ ಮುಂಚೆ ಅವರೇ ತೀರಿಹೋದರು. ಹಳೆಯ ಹುಡುಗಿಯರು ಹೊಸಬರಿಗೆ ಹಾಗೇ ಕಲಿಸಿದರು. ಮೂವತ್ತು ವರ್ಷದಿಂದ ಸಾಲಿನಲ್ಲಿ ಹನ್ನೊಂದು ಜನ, ಎಣಿಕೆ ಮಾತ್ರ ಹನ್ನೆರಡು: ಒಂದು, ಎರಡು, ನಾಲ್ಕು, ಐದು. ಈಗಿನ ಹುಡುಗಿಯರಿಗೆ ಅದು ಎಷ್ಟು ರೂಢಿಯಾಗಿದೆಯೆಂದರೆ, ಉಡುಪಿನ ಗುಂಡಿ ಎಣಿಸಿಕೊಡಿ ಎಂದರೂ ಮೂರನ್ನು ಹಾರಿಸಿಯೇ ಎಣಿಸುತ್ತಾರೆ. ಹನ್ನೆರಡು ಎಂದು ಕೊಟ್ಟರೆ ನಾನು ಹನ್ನೊಂದು ಎಂದೇ ತಿಳಿದುಕೊಳ್ಳುತ್ತೇನೆ.

ಹೊಸ ನಿರ್ದೇಶಕರಿಗೆ ಇದು ತಪ್ಪಾಗಿ ಕಂಡಿತು. ಕಳೆದ ತಿಂಗಳು ಖಾಲಿ ಜಾಗ ಬಿಡದೆ ಸಾಲು ಕೂಡಿಸಿ ಎಂದರು. ಎರಡನೆಯ ಹುಡುಗಿ ಅಲುಗಲಿಲ್ಲ. ಗದರಿದಾಗ, “ಆಗಲ್ಲ ಸರ್, ಅವ್ರ ಕಾಲು ತುಳಿದ ಹಾಗಾಗುತ್ತೆ” ಅಂದಳು. ಯಾರ ಕಾಲು ಎಂದು ಕೇಳಿದರೆ ಪಾಪ, ಅವಳಿಗೇ ಗೊತ್ತಿಲ್ಲ. ನಾಚಿಕೊಂಡು ಅತ್ತಳು. ಅವಳು ಹುಟ್ಟುವ ಮುಂಚೆಯೇ ಅಕ್ಕ ಹೋಗಿಯಾಗಿತ್ತು. ಸಾಲು ಕೂಡದಿದ್ದರೆ ಜಾಗ ತುಂಬೋಣ ಎಂದು ಈಗ ನಿನ್ನನ್ನು ಕರೆದಿದ್ದಾರೆ.

ಅಕ್ಕ ಹೋದಮೇಲೆ ಕೊಂಡ ನೆಲಹಾಸು ಹಳೆಯದಾಯಿತೆಂದು ಮೊನ್ನೆ ಬಿಸಿಲಿಗೆ ತಂದು ಹರಡಿದರು. ಸಾಲಿನವರು ನಿಂತು ತಿರುಗುವ ಕಡೆಯೆಲ್ಲ ಅಂಗೈಯಗಲ ಸವೆದಿತ್ತು. ನಾನು ಬೆರಳಿಟ್ಟು ಎಣಿಸಿದೆ, ಒಂದನ್ನೂ ಹಾರಿಸದೆ. ಹನ್ನೆರಡು ಕಡೆ ಸವೆದಿತ್ತು. ಎಲ್ಲಕ್ಕಿಂತ ಹೆಚ್ಚು ಸವೆದದ್ದು ಮೂರನೆಯದು. ಅಲ್ಲಿ ತೂತೇ ಬಿದ್ದಿತ್ತು.

ಇಷ್ಟಕ್ಕೇ ಹೆದರಿ ಬೇಡ ಎನ್ನುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನ ಅಪ್ಪನಿಗೂ ಹೇಳದ ಮಾತೊಂದಿದೆ. ನಾನೂ ಕುಣಿಯಬೇಕೆಂದಿದ್ದವಳು. ಅವಳು ಬಿದ್ದ ದಿನ ಮಧ್ಯಾಹ್ನ ಅಕ್ಕನಿಗೂ ನನಗೂ ಜಗಳವಾಯಿತು. “ನಿನ್ನ ಹಣೆಯಲ್ಲಿ ಬರೆದಿರುವುದು ಕುಣಿತವಲ್ಲ, ಸೂಜಿ” ಎಂದಳು. ಹಾಗೆಂದವಳೇ ಅರ್ಧ ಗಂಟೆ ಬಿಟ್ಟು ಬಂದು, ಹೊಸ ಶೂಗೆ ಕಾಲಿಗೆ ಬಿಗಿಯುವ ರಿಬ್ಬನ್ ಹೊಲಿದುಕೊಡು, ಹೊತ್ತಾಯಿತು ಎಂದಳು. ಹತ್ತು ಹೊಲಿಗೆ ಹಾಕುವ ಕಡೆ ನಾನು ಎರಡು ಹಾಕಿದೆ. ಬಿಚ್ಚಿಕೊಳ್ಳಲಿ, ನಾಲ್ಕು ಜನರ ಮುಂದೆ ಮುಖಭಂಗವಾಗಲಿ ಎಂದುಕೊಂಡೆ. ಸಾಯಲಿ ಎಂದುಕೊಳ್ಳಲಿಲ್ಲ ಮಗಳೇ. ನೆಲ ಜಾರಿತು ಎಂದು ಎಲ್ಲರೂ ಹೇಳಿದರು. ನಾನೂ ಹೌದೆಂದೆ.

ಅವಳ ಜಾಗಕ್ಕೆ ಯಾರು ಬೇಕಾದರೂ ಬರಲಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಬರಬಾರದು. ನನಗೆ ಭಯವಾಗುತ್ತದೆ. ನಿರ್ದೇಶಕರಿಗೆ ಕಾಲು ಉಳುಕಿದೆ ಎಂದೋ ಏನೋ ಒಂದು ಸುಳ್ಳು ಬರೆದುಬಿಡು. ನನ್ನ ಮುಖ ನೋಡಬಾರದು ಎನಿಸಿದರೆ ನೋಡಬೇಡ, ಆದರೆ ಇದೊಂದು ಮಾತು ನಡೆಸಿಕೊಡು.

ಇಲ್ಲಿಂದಲೇ ನಿನ್ನ ತಲೆ ನೇವರಿಸುತ್ತಾ,
ಅಮ್ಮ

ಮತ್ತೊಂದು ಮಾತು, ಗುರುವಾರ ಬೆಳಿಗ್ಗೆ: ಕಾಗದವನ್ನು ಅಂಚೆಗೆ ಹಾಕುವ ಮುಂಚೆ ಒಂದು ಯೋಚನೆ ಬಂತು. ಆ ಜಾಗದಲ್ಲಿ ಬೇರೆ ಯಾರಾದರೂ ನಿಂತರೆ ನಿನ್ನನ್ನು ಕರೆಯುವ ಮಾತೇ ಇರುವುದಿಲ್ಲವಲ್ಲ. ಹುಡುಗಿಯರು ತಾಲೀಮಿಗೆ ಬರುವ ಮೊದಲೇ ಹೋಗಿ ಅಲ್ಲಿ ನಾನೇ ನಿಂತೆ. ಜಾಗ ಖಾಲಿ ಇರಲಿಲ್ಲ. ತಪ್ಪಾಯಿತು ಅಕ್ಕ ಎಂದೆ. ಮೂವತ್ತು ವರ್ಷದಲ್ಲಿ ಅದೇ ಮೊದಲು. ಅವಳು ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟಳು. ಆಮೇಲೆ ಹುಡುಗಿಯರು ಬಂದರು. ಯಾರ ಕಣ್ಣಿಗೂ ನಾನು ಬೀಳಲಿಲ್ಲ. ನನ್ನ ಕಾಲು ತುಳಿಯದಂತೆ ಸುತ್ತಿ ಬಂದು ನಿಂತು, ಒಂದು, ಎರಡು, ನಾಲ್ಕು ಎಂದು ಎಣಿಸಿದರು. ಅಲ್ಲಿ ಇಬ್ಬರಿಗೆ ಸಾಲುವಷ್ಟೇ ಜಾಗವಿದೆ. ನೀನು ಬರಬೇಡ.