ಸಾಸೆಬೊ ಅಜ್ಜಿಯ ಒಂದು ಸ್ಟಾರ್

ಜೂನ್ 3, ಮಂಗಳವಾರ. ಸಂಜೆ 6

ಇಪ್ಪತ್ತಾರು ಅಂಗಿ, ನಾಲ್ಕು ಕೋಟು, ಯಾರದೋ ಜೂಡೊ ಪ್ಯಾಂಟು. ಅಪ್ಪ ಇಸ್ತ್ರಿ ಹಾಕುತ್ತಿದ್ದ. ನಾನು ಎಂದಿನಂತೆ ಲಾಂಡ್ರಿ ಕೌಂಟರ್ ಮೇಲೆ ಕೂತು ಫೋನಿನಲ್ಲಿ ಓದುಗರ ಅಭಿಪ್ರಾಯಗಳ ಪಾರಾಯಣ. 'ಹಿಬಿಕಿ ಪ್ರೋ ಮುಳುಗಿದ ಬಗೆ.' ಪುಸ್ತಕ ಬಂದು ಐದು ವಾರ, ಅಭಿಪ್ರಾಯ ನಾಲ್ಕೇ ನಾಲ್ಕು.

ಒಬ್ಬರು: ಫೋಟೊ ಚೆನ್ನಾಗಿವೆ. ಇನ್ನೊಬ್ಬರು: ಪುಟದ ಮೂಲೆ ಮಡಚಿತ್ತು, ಎರಡು ಸ್ಟಾರ್. ಮೂರನೆಯವರು ತಮ್ಮಪ್ಪನಿಗೆ ಕೊಟ್ಟಿದ್ದಾರೆ, ಅವರಿನ್ನೂ ಓದಿಲ್ಲ, ಆದರೂ ಐದು ಸ್ಟಾರ್. ನಾಲ್ಕನೆಯವರು ಹಡಗಿನ ಕಥೆ ಅಂದುಕೊಂಡು ಕೊಂಡು, ಒಳಗೆ ಚಡ್ಡಿ ತೊಟ್ಟ ಗಂಡಸರನ್ನು ಕಂಡು ನೊಂದಿದ್ದಾರೆ.

"ರೆಫ್ರಿ ಬಗ್ಗೆ ಏನಾದ್ರೂ ಇದ್ಯಾ?" ಅಂಗಿಯ ಕಾಲರನ್ನು ಕೇಳಿದ ಅಪ್ಪ, ನನ್ನನ್ನಲ್ಲ.

"ಇಲ್ಲಪ್ಪ."

"ನಾನೇನೂ ಕೇಳ್ಲಿಲ್ಲ."

ಹಿಬಿಕಿ ಕುಸ್ತಿ ಕಂಪನಿಯಲ್ಲಿ ಹದಿನೇಳು ವರ್ಷ ರೆಫ್ರಿ ಆಗಿದ್ದವನು ಅಪ್ಪ. ನಾನೂರ ಹನ್ನೆರಡು ಪುಟದಲ್ಲಿ ಅವನಿಗೆ ಸಿಕ್ಕಿದ್ದು ಒಂದು ಸಾಲು: 'ಕೊನೆಯ ಪಂದ್ಯದಲ್ಲಿ ರೆಫ್ರಿ ಒಗಾತ ಮೂರನ್ನೂ ಎಣಿಸಿಬಿಟ್ಟದ್ದೇಕೆಂದು ಇಂದಿಗೂ ತಿಳಿದಿಲ್ಲ.' ಬಿದ್ದವನ ಭುಜ ನೆಲಕ್ಕೆ ಅಂಟಿರುವಾಗ ರೆಫ್ರಿ ನೆಲ ಹೊಡೆದು ಮೂರು ಎಣಿಸಿದರೆ ಅವನು ಸೋತ ಹಾಗೆ. ಅಪ್ಪ ಒಂದೇ ತೋಳಿಗೆ ಮೂರು ಸಲ ಇಸ್ತ್ರಿ ಹಾಕಿದ.

ಆದಕಾರಣ, ಚಿನಾತ್ಸು ಒಗಾತ ಎಂಬ ನಾನು, ವಯಸ್ಸು ಇಪ್ಪತ್ಮೂರು, ಸಾಹಿತ್ಯ ವಿಮರ್ಶೆಯ ಘನತೆಯನ್ನು ಎತ್ತಿಹಿಡಿಯಲು ಒಂದು ಸಣ್ಣ ಅಪರಾಧ ಎಸಗಲು ನಿರ್ಧರಿಸಿದ್ದೇನೆ.

ಜೂನ್ 5, ಗುರುವಾರ

ಟೊಟ್ಟೊರಿಯ ನಿವೃತ್ತ ಹೆಡ್‌ಮಾಸ್ಟರ್ ಜನನ. ವಯಸ್ಸು ಎಪ್ಪತ್ತೆರಡು, ಮಂಡಿನೋವು. 'ಕುಸ್ತಿಗೆ ರೆಫ್ರಿ ಎಂದರೆ ಸೂಪಿಗೆ ಉಪ್ಪು. ಇಂಥ ಒಗಾತ ಅವರಿಗೆ ಒಂದೇ ಸಾಲು ಮೀಸಲಿಟ್ಟ ಲೇಖಕರ ಬಗ್ಗೆ ನನ್ನ ಮಂಡಿಗಳೆರಡೂ ಪ್ರತಿಭಟಿಸುತ್ತಿವೆ.' ನಾಲ್ಕು ಸ್ಟಾರ್.

ಅಪ್ಪನಿಗೆ ಓದಿ ಹೇಳಿದೆ. "ಯಾರೋ ತಿಳಿದವರು" ಅಂದ. ಊಟಕ್ಕೆ ಎರಡನೇ ಬಟ್ಟಲು ಅನ್ನ.

ಜೂನ್ 9, ಸೋಮವಾರ

ಹೆಡ್‌ಮಾಸ್ಟರನ್ನು ಯಾರೂ ಮೂಸಿ ನೋಡಿಲ್ಲ. ವಾದಕ್ಕೆ ಇಬ್ಬರು ಬೇಕು. ಕುಸ್ತಿ ನೋಡಿ ಬೆಳೆದವಳು, ಇಷ್ಟೂ ಗೊತ್ತಿರಬೇಡವೇ — ಖಳನಾಯಕ ಇಲ್ಲದೆ ಟಿಕೆಟ್ ಹೋಗುವುದಿಲ್ಲ.

ಸಾಸೆಬೊದ ಅಜ್ಜಿ. ಮೂವರು ಮೊಮ್ಮಕ್ಕಳು. ಒಂದು ಸ್ಟಾರ್. 'ಹೆಡ್‌ಮಾಸ್ಟರೇ, ಕನ್ನಡಕ ಒರೆಸಿಕೊಳ್ಳಿ. ಆ ಪಂದ್ಯ ನಾನು ಮೊದಲ ಸಾಲಲ್ಲಿ ಕೂತು ನೋಡಿದವಳು. ಹಿಬಿಕಿಯ ಕುಸ್ತಿಪಟು ಇವಾಕುರಾ ಗೆದ್ದಿದ್ದರೆ ಕಂಪನಿ ಉಳಿಯುತ್ತಿತ್ತು. ಮೂರನೆಯ ಎಣಿಕೆ ಹೊಡೆದ ಕೈ ಎದುರಾಳಿ ಕಂಪನಿಗೆ ಮಾರಿಕೊಂಡ ಕೈ.'

ಹೆಡ್‌ಮಾಸ್ಟರ್ ನಾಳೆ ಅಜ್ಜಿಯನ್ನು ಚಿಂದಿ ಮಾಡುತ್ತಾರೆ. ಕಾತರದಿಂದ ಕಾಯುತ್ತಿದ್ದೇನೆ.

ಜೂನ್ 19, ಗುರುವಾರ

ಹತ್ತು ದಿನ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಅಜ್ಜಿಯ ಅಭಿಪ್ರಾಯ 'ಉಪಯುಕ್ತ' ಅಂದವರು ನೂರ ನಲವತ್ಮೂರು ಮಂದಿ. ಹೆಡ್‌ಮಾಸ್ಟರಿಗೆ ಇಬ್ಬರು, ಅದರಲ್ಲಿ ಒಬ್ಬಳು ನಾನು. ಅಜ್ಜಿಯ ಕೆಳಗೆ ಮೂವತ್ತೊಂದು ಹೊಸ ಅಭಿಪ್ರಾಯ. ಎಲ್ಲರೂ ನಿಜವಾದ ಜನ. 'ನನಗೂ ಆಗಲೇ ಅನುಮಾನವಿತ್ತು.' 'ಕಂಪನಿ ಕೊಂದವನು.' ಪುಸ್ತಕ ಎರಡನೇ ಮುದ್ರಣವಂತೆ. ಅಪ್ಪನಿಗೆ ದಿನವೂ 'ಫೋಟೊ ಚೆನ್ನಾಗಿವೆ' ಎಂಬುದನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದೇನೆ.

ಇವತ್ತು ಲೇಖಕ ಮುನಕಾತ ಫೋನ್ ಮಾಡಿದರು. ಜುಲೈ 6ಕ್ಕೆ ಕೊಕುರಾದಲ್ಲಿ ಹಳೆಯ ಹಿಬಿಕಿಯವರ ಸಭೆ. ತೀರಿಕೊಂಡ ಮಾಲೀಕರಿಗಾಗಿ ರಿಂಗಿನ ಗಂಟೆಯನ್ನು ಹತ್ತು ಸಲ ಹೊಡೆಯಬೇಕು — ಸತ್ತ ಕುಸ್ತಿಯವರಿಗೆಲ್ಲ ಹಾಗೇ ಹೊಡೆಯುವುದು. ಹೊಡೆಯುವವನು ಅಪ್ಪ ಎಂದು ಚಳಿಗಾಲದಲ್ಲೇ ಮಾತಾಗಿತ್ತು.

ಅವರ ದನಿ ಕೌಂಟರಿನವರೆಗೂ ಕೇಳುತ್ತಿತ್ತು. "ತಪ್ಪು ತಿಳೀಬೇಡಿ ಒಗಾತ ಅವರೇ... ನೀವು ಬಂದ್ರೆ ತಾನು ಬರಲ್ಲ ಅಂತಿದಾರೆ ಇವಾಕುರಾ. ಓದುಗರೂ ಸ್ವಲ್ಪ ಬಿಸಿಯಾಗಿದಾರೆ..."

"ಹಾಗೇ ಆಗ್ಲಿ" ಅಂದ ಅಪ್ಪ. ಒಗೆದು ನೇತುಹಾಕಿದ್ದ ಪಟ್ಟೆಪಟ್ಟೆ ರೆಫ್ರಿ ಅಂಗಿಯನ್ನು ಇಳಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿದ. ಗಿರಾಕಿ ಬಟ್ಟೆಗೆ ಹಾಕುವ ಹಾಗೆ ಚೀಟಿಯನ್ನೂ ಚುಚ್ಚಿದ.

ಜೂನ್ 20, ಶುಕ್ರವಾರ

ಬೆಳಗ್ಗೆ ತಪ್ಪೊಪ್ಪಿಗೆ ಹಾಕಿದೆ. 'ಅಜ್ಜಿ ನಾನೇ. ಸಾಸೆಬೊಗೆ ಹೋಗಿಯೂ ಇಲ್ಲ.'

ಮಧ್ಯಾಹ್ನದೊಳಗೆ ಉತ್ತರ: 'ರೆಫ್ರಿ ಮನೆಯವರು ಬಂದರು ನೋಡಿ.' 'ಪಾಪದ ಮುದುಕಿಯ ಬಾಯಿ ಮುಚ್ಚಿಸಬೇಡಿ.' ಅಜ್ಜಿಯನ್ನು ಅಳಿಸಿಹಾಕಿದೆ. ಜನ ಆ ಬರಹದ ಫೋಟೊ ತೆಗೆದಿಟ್ಟುಕೊಂಡಿದ್ದರು, ಎಲ್ಲೆಡೆ ಹಂಚಿದರು. ಅಜ್ಜಿ ಈಗ ಹುತಾತ್ಮೆ.

ನಾನು ಹುಟ್ಟಿಸಿದ ಮುದುಕಿಯನ್ನು ನನ್ನ ಕೈಯಲ್ಲೇ ಕೊಲ್ಲಲಾಗುತ್ತಿಲ್ಲ.

ಜೂನ್ 22, ಭಾನುವಾರ. ಅಂಗಡಿ ರಜೆ

ಹೇಳಿಬಿಟ್ಟೆ. "ಅಪ್ಪ, ಸಾಸೆಬೊ ಅಜ್ಜಿ ನಾನೇ." ಎಲ್ಲವನ್ನೂ ಓದಿಯೂ ತೋರಿಸಿದೆ, ಮೂವತ್ತೊಂದನ್ನೂ.

ಎಲ್ಲ ಕೇಳಿ ಅಪ್ಪ — "ಮೊಮ್ಮಕ್ಕಳು ಮೂವರಾ?"

"ಹೂಂ."

"ನಿಂಗಿನ್ನೂ ಮದುವೆನೇ ಆಗಿಲ್ಲ." ನಗಲಿಲ್ಲ. ನಾನು ನಗಲು ಹೋಗಿ ಬಿಕ್ಕಿದೆ.

ಕೇಳಬಾರದ್ದನ್ನು ಕೇಳಿದೆ: ಮೂರು ಯಾಕೆ? ಯಾರು ಗೆಲ್ಲಬೇಕೆಂದು ಕುಸ್ತಿಯಲ್ಲಿ ಮೊದಲೇ ಮಾತಾಗಿರುತ್ತದೆ. ಇದು ಊರಿಗೆಲ್ಲ ಗೊತ್ತು, ನಮ್ಮ ಮನೆಯಲ್ಲಿ ಮಾತ್ರ ಗೊತ್ತಿಲ್ಲ. ಇಪ್ಪತ್ಮೂರು ವರ್ಷ ಗೊತ್ತಿಲ್ಲದ ಹಾಗೆಯೇ ಊಟ ಮಾಡಿದ್ದೇವೆ.

ಅಪ್ಪ ನನ್ನ ಕೈ ಹಿಡಿದು ಒತ್ತಿದ. "ಬಿದ್ದವನ ಕೈ ಹೀಗೆ ಒತ್ತೋದು. ಜನಕ್ಕೆ ಕಾಣಲ್ಲ. ಸರಿಯಾಗಿದ್ರೆ ಅವನೂ ತಿರುಗಿ ಒತ್ತಾನೆ."

"ಇವಾಕುರಾ ಮಾಮ?"

"ಒತ್ಲಿಲ್ಲ. ಕಣ್ಣು ತೆರೆದೇ ಇತ್ತು. ಒಳಗೆ ಯಾರೂ ಇರ್ಲಿಲ್ಲ. ಎದುರಿಗಿದ್ದ ಹುಡುಗನಿಗೆ ಅದು ಗೊತ್ತಿಲ್ಲ. ನಾನು ಎರಡಕ್ಕೆ ನಿಲ್ಸಿದ್ರೆ ಅವನು ಇವನ್ನ ಎತ್ತಿ ಇನ್ನೊಂದ್ಸಲ ತಲೆಕೆಳಗಾಗಿ ಕುಕ್ಕೋದೇ. ಅದೇ ಮಾತಾಗಿದ್ದು, ಆಮೇಲೆ ಇವಾಕುರಾ ಗೆಲ್ಲೋದು." ನನ್ನ ಕೈ ಬಿಟ್ಟ. "ಮೂರಾದ್ರೆ ಮುಗೀತು. ಹೊಡೆದೆ."

"ಮಾಮನಿಗೆ ಹೇಳ್ಬೇಕಿತ್ತಲ್ಲಪ್ಪಾ!"

"ಎಣಿಕೆ ಬಗ್ಗೆ ರೆಫ್ರಿ ತಾನಾಗಿ ಬಾಯಿ ಬಿಡಬಾರ್ದು. ಕುಸ್ತಿಯವನು ರೆಫ್ರಿನ ಕೇಳಬಾರ್ದು. ಅದು ನಮ್ಮಲ್ಲಿ ಇಲ್ಲ."

"ಹದಿನಾಲ್ಕು ವರ್ಷ ಕಣಪ್ಪಾ."

"ನೀನೂ ಯಾರಿಗೂ ಹೇಳ್ಕೂಡದು. ಹೇಳಿದ್ರೆ ಈ ಅಂಗಡಿ ಬಾಗಿಲು ತುಳೀಬೇಡ."

ಸರಿ. ಹೇಳಕೂಡದು. ಕೇಳಕೂಡದು ಅನ್ನಲಿಲ್ಲ.

ಜೂನ್ 24, ಮಂಗಳವಾರ. ಶಿಮೊನೊಸೆಕಿಯಿಂದ ವಾಪಸ್, ರೈಲಿನಲ್ಲಿ

ಇವಾಕುರಾ ಮಾಮ ಶಿಶುವಿಹಾರದ ಬಸ್ ಡ್ರೈವರ್. ಬಸ್ಸಿಗೆ ಮೊಲದ ಕಿವಿ. ನೂರಿಪ್ಪತ್ತು ಕಿಲೋ ಮನುಷ್ಯ ಬಕೆಟ್ ಹಿಡಿದು ಆ ಕಿವಿ ತೊಳೆಯುತ್ತಿದ್ದರು.

"ಯಾರು — ರೆಫ್ರಿ ಮಗಳಾ? ಆವಾಗ ನನ್ನ ಬೂಟಿನೊಳಗೆ ತೋಫು ಇಟ್ಟಿದ್ದವಳು!"

ಅಜ್ಜಿ ವಿಷಯ ಒಪ್ಪಿಕೊಂಡು, ಸೊಂಟ ಬಗ್ಗಿಸಿ ನಿಂತೆ. ಕತ್ತು ನೋಯುವಷ್ಟು ಹೊತ್ತು.

"ಎದ್ದೇಳಮ್ಮ, ಮಕ್ಕಳು ನೋಡ್ತಿವೆ. ಆ ಅಜ್ಜಿ ಬರೆದಿದ್ದು ನಾನು ಹದಿನಾಲ್ಕು ವರ್ಷದಿಂದ ಮನಸ್ಸಲ್ಲೇ ಬರ್ಕೊಂಡಿದ್ದು. ನೀನು ಸ್ಟಾರ್ ಅಂಟಿಸ್ದೆ, ಅಷ್ಟೇ. ಎರಡಕ್ಕೆ ನಾನು ಭುಜ ಎತ್ತಿದ್ದೆ. ಆದ್ರೂ ನಿಮ್ಮಪ್ಪ ಹೊಡೆದ."

"ಎರಡು ಅಂದಿದ್ದು ಕೇಳಿಸ್ತಾ ಮಾಮ?"

"ಕೇಳಿಸ್ದೆ ಇರತ್ತಾ?"

"ಅಪ್ಪ ನಿಮ್ಮ ಯಾವ ಪಕ್ಕದಲ್ಲಿದ್ದ?"

"ಎಡ... ಅಲ್ಲ..."

"ಆಮೇಲೆ ರಿಂಗಿಂದ ನಡ್ಕೊಂಡು ಹೋದ್ರಾ?"

ಬಕೆಟ್ ಕೆಳಗಿಟ್ಟರು. ಮೊಲದ ಕಿವಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಡ್ರೆಸ್ಸಿಂಗ್ ರೂಮಲ್ಲಿ ಬೂಟು ಬಿಚ್ತಿದ್ದೆ" ಅಂದರು ನಿಧಾನವಾಗಿ. "ಅದಕ್ಕೆ ಮುಂಚೆ..."

ಬಟ್ಟೆ ತಗೊಂಡು ಅದೇ ಕಿವಿಯನ್ನು ಮತ್ತೆ ಒರೆಸತೊಡಗಿದರು. ಅಪ್ಪ ಹೇಳಿದ್ದರ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಯಾರೂ ನನ್ನ ಮೇಲೆ ಆಣೆ ಮುರಿದ ಆರೋಪ ಹೊರಿಸುವಂತಿಲ್ಲ. ಆದರೆ ಒಬ್ಬ ಮನುಷ್ಯನ ಸಿಟ್ಟನ್ನು ಕಿತ್ತುಕೊಂಡೆ, ಬದಲಿಗೆ ಕೈಯಲ್ಲಿ ಏನಿಟ್ಟೆ?

ಜೂನ್ 29, ಭಾನುವಾರ

ಸುದ್ದಿಯಿಲ್ಲ. ಮುನಕಾತ ಅವರಿಗೂ ಇಲ್ಲವಂತೆ. ಅಪ್ಪ ಚೀಟಿ ಚುಚ್ಚಿದ ಅಂಗಿಯತ್ತ ನೋಡುವುದಿಲ್ಲ. ಅಭಿಪ್ರಾಯ ಓದು ಅನ್ನುವುದೂ ಇಲ್ಲ. ಇವತ್ತು ನಾನು ಯಾವ ಕೀಟಲೆಯನ್ನೂ ಮಾಡಿಲ್ಲ. ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಿದ.

ಜುಲೈ 1, ಮಂಗಳವಾರ. ಮಧ್ಯಾಹ್ನ 12.40

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೆಳಗೆ ಇವಾಕುರಾ ಮಾಮ.

ಬಂದವರು ಕೌಂಟರಿನಾಚೆ ನಿಂತರು, ಬಟ್ಟೆ ಕೊಡಲು ಬಂದವರ ಹಾಗೆ. ಬರಿಗೈ. ಅಪ್ಪ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದವನು ಹಾಗೇ ನಿಂತ. ಒಳಗೆ ಹೋಗು ಅಂತ ಇಬ್ಬರೂ ಒಟ್ಟಿಗೇ ನನಗೆ ಸನ್ನೆ ಮಾಡಿದರು. ಏಳು ಮೆಟ್ಟಿಲು ಹತ್ತಿದ್ದೇನೆ, ಅದೂ ಒಳಗೇ.

"ರೆಫ್ರಿ, ಒಂದು ಕೇಳ್ಬೇಕು."

"ಕೇಳಬಾರ್ದು."

"ಗೊತ್ತು. ಆದ್ರೂ ಕೇಳ್ತೀನಿ. ಆವತ್ತು... ನಾನು ಎಷ್ಟು ಹೊತ್ತು ಇರ್ಲಿಲ್ಲ?"

ಬಾಯ್ಲರಿನ ಉಸಿರು. ಹೊರಗೆ ಯಾರದೋ ಸೈಕಲ್ ಬೆಲ್.

"ಹನ್ನೊಂದು ಸೆಕೆಂಡ್" ಅಂದ ಅಪ್ಪ. ಹುಡುಕಲೇ ಇಲ್ಲ, ನಾಲಿಗೆಯ ತುದಿಯಲ್ಲೇ ಇತ್ತು. "ಹನ್ನೆರಡಕ್ಕೆ ನೀನು ಕಣ್ಣು ಮಿಟುಕಿಸ್ದೆ. ಆಮೇಲೇ ನಾನು ನಿನ್ನ ಬಿಟ್ಟು ಎದ್ದಿದ್ದು."

ಮಾಮನ ಬೆನ್ನು ಮಾತ್ರ ಕಾಣುತ್ತಿದೆ. ಅಲುಗುತ್ತಿದೆ. ನಗುತ್ತಿದ್ದಾರೋ ಅಳುತ್ತಿದ್ದಾರೋ, ಅಷ್ಟಗಲದ ಬೆನ್ನಿನಲ್ಲಿ ತಿಳಿಯುವುದಿಲ್ಲ. ಅಪ್ಪ ಈಗ ಕೌಂಟರಿನ ಅಡ್ಡಹಲಗೆ ಎತ್ತಿ ಆಚೆ, ಮಾಮನ ಬಳಿಗೆ—