ತುಪ್ಪದ ಅಂಗಡಿಗೆ ಬಂದ ವಿಲಾಯತಿ ಬಾಟ್ಲಿ

ಲಕ್ಷ್ಮೇಶ್ವರ
೨೩ ಮೇ ೧೯೮೨, ರವಿವಾರ

ಯಳವತ್ತಿಯ ಒಂದೇ ಪಡಸಾಲ್ಯಾಗ, ಒಂದೇ ದಿನ, ನನ್ನ ಮಗ್ಗಲಿಗೆ ಕುಂತು ಲಿಂಗದೀಕ್ಷಾ ತಗೊಂಡ ಗೆಳತಿ ಬಸವಣ್ಣೆವ್ವಗ ಶೇಖವ್ವನ ಶರಣು.

ನಾವಿಲ್ಲಿ ಗಟ್ಟಿ ಅದೀವಿ. ಮುಂಡರಗ್ಯಾಗ ನೀವೆಲ್ಲಾರೂ ಗಟ್ಟಿ ಇದ್ದೀರಿ ಅಂತ ಬಳಿ ಮಾರೋ ಜನ್ನತಬಿ ಹೇಳಿದಳು. ಆಕಿ ಕೈಯಾಗ ನೀ ಹೇಳಿ ಕಳಿಸಿದ ಮಾತೂ ಮುಟ್ಟಿತು. ಪಾಪ, ನನ್ನ ಕೈಗೆ ಬಳಿ ಏರಿಸಿಕೋತ, ಮಾರಿ ನೋಡದ, ಸಣ್ಣ ದನಿಲೆ ಕೇಳಿದಳು. ಶೇಖವ್ವ ಸೆರೆ ಕುಡಿತಾಳಂತ ಸಂತ್ಯಾಗೆಲ್ಲಾ ಮಾತು ಹಬ್ಬೈತಿ, ಖರೆ ಏನು ಅಂತ ತಿಳಕೊಂಡು ಬಾ ಅಂದಾರ್ರಿ ನಿಮ್ಮ ಗೆಳತಿ ಅಂದಳು.

ಖರೆ ಐತಿ, ಬಸವಣ್ಣೆವ್ವ. ಕುಡದೀನಿ. ಆದರ ಅರ್ಧಾ ಓದಿ ಈ ಕಾಗದ ಹರಿಬ್ಯಾಡ. ನಾಕನೇತ್ತೆ ಕಲಿತ ಕೈ, ಬರಿಯಾಕ ಎರಡು ಮಧ್ಯಾಹ್ನ ಹಿಡದೈತಿ. ಪೂರಾ ಓದು, ಆಮ್ಯಾಲೆ ಬೇಕಾದ್ದು ಅನ್ನು.

ನಮ್ಮ ಮನಿಯವರ ಮೂಗು ಎಂಥಾದ್ದು ಅಂತ ನಿನಗ ಹೇಳೂದು ಬೇಕಾಗಿಲ್ಲ. ನಿನ್ನ ಮಗನ ಲಗ್ನದ ತುಪ್ಪಾನೂ ಇವರ ಆರಿಸಿ ಕೊಟ್ಟಿದ್ದರು. ಒಂದು ಹನಿ ಅಂಗೈ ಹಿಂದ ಹಚ್ಚಿ, ತಿಕ್ಕಿ, ಒಂದ ಸಲ ಮೂಸಿದರ ಸಾಕು, ಆಕಳದ್ದೋ ಎಮ್ಮಿದೋ, ಬೆಣ್ಣಿ ಎಷ್ಟು ದಿನ ಇಟ್ಟು ಕಾಸ್ಯಾರ, ವನಸ್ಪತಿ ಕೂಡಿಸ್ಯಾರೇನು, ಎಲ್ಲಾ ಹೇಳತಿದ್ದರು. ಶಿಗ್ಲಿ, ಶಿರಹಟ್ಟಿ ಕಡಿಯಿಂದ ಮಂದಿ ಡಬ್ಬಿ ಹೊತ್ತು ತಂದು ನಮ್ಮ ಅಂಗಡಿ ಮುಂದ ಕುಂಡ್ರತಿದ್ದರು. ಇವರು ಹೂಂ ಅಂದರ ಮಾಲು ಹೋತು, ಇಲ್ಲಾಂದರ ತಿರುಗಿ ಮನಿಗೆ. ಬ್ಯಾರೆ ಆಸ್ತಿ ಏನೈತಿ ನಮಗ? ಅದೊಂದ ಮಾತಿನ ಮ್ಯಾಲೆ ಮೂವತ್ತು ವರ್ಷ ಉಂಡೀವಿ.

ಹೋದ ತಿಂಗಳು ಶಿಗ್ಲಿಯ ಮೌಲಾಸಾಬ ಬಂದಿದ್ದ. ಅವರವ್ವ ಫಕೀರಬಿ ನಮಗ ಮೊದಲಿಂದ ಬೆಣ್ಣಿ ಹಾಕತಾಳ. ಇಂವ ಮುಂಬೈದಿಂದ ಹೋಗೋ ದೊಡ್ಡ ಹಡಗದಾಗ ಮಶೀನು ರಿಪೇರಿ ಮಾಡತಾನ. ಸಮುದ್ರದ ನಡುವ ಕೆಟ್ಟು ನಿಂತ ಮಶೀನು ಚಾಲೂ ಮಾಡಿದ್ದಕ್ಕ ಕಪ್ತಾನ ಖುಷಿಯಾಗಿ ಒಂದು ವಿಸ್ಕಿ ಬಾಟ್ಲಿ ಇನಾಮು ಕೊಟ್ಟನಂತ. ಅದನ್ನ ಟಾವೆಲ್ಲಿನಾಗ ಸುತ್ತಿಕೊಂಡು ಬಂದು ಇವರ ಮುಂದ ಇಟ್ಟ. ಸಾವಕಾರ್ರ, ನಾ ಇದನ್ನ ಮುಟ್ಟಾವಲ್ಲ, ನೀವೂ ಮುಟ್ಟಾವರಲ್ಲ, ಗೊತ್ತೈತಿ. ಕಪ್ತಾನ ಇದನ್ನ ಭಾಳ ಹೊಗಳಿದ. ನನಗೇನ ತಿಳೀತೈತ್ರಿ? ನಿಮ್ಮಂಥಾ ಮೂಗು ಮುಂಬೈದಾಗೂ ಇಲ್ಲ. ಬರೇ ಮೂಸಿ ಹೇಳ್ರಿ, ಅಷ್ಟು ಹೊಗಳೂವಂಥಾದ್ದು ಏನೈತಿ ಇದರಾಗ ಅಂತ ಕೇಳಿದ.

ನಾ ಅಡಗಿಮನ್ಯಾಗ ರೊಟ್ಟಿ ಬಡಿಯಾಕ ಹತ್ತಿದ್ದೆ. ಅಂವ ಹೇಳೂದು ಕೇಳಸತಿತ್ತು. ಸ್ಕಾಟ್ಲೆಂಡ್ ಅಂತ ಥಂಡಿ ದೇಶ ಐತಂತ. ಅಲ್ಲಿ ಜವೆಗೋಧಿ ನೆನೆಸಿ, ಮೊಳಕಿ ಒಡಿಸಿ, ಒಣಗಿಸಿ, ಭಟ್ಟಿ ಇಳಿಸಿ, ಮರದ ಪೀಪಾಯಿಯೊಳಗ ಹನ್ನೆರಡು ವರ್ಷ ಇಡತಾರಂತ. ಹತ್ತು ಭಟ್ಟಿದು ಕೂಡಿಸಿದ್ದಲ್ಲ, ಒಂದ ಭಟ್ಟಿದು, ಅದಕ್ಕ ಸಿಂಗಲ್ ಮಾಲ್ಟ್ ಅಂತಾರಂತ. ಅದರಾಗೂ ಇದು ಮೊದಲನೇ ಪಾವಟಿಗಿ, ಹೊಸದಾಗಿ ರುಚಿ ನೋಡಾವರಿಗೆ ಕೊಡೂವಂಥಾದ್ದು, ಮ್ಯಾಲಿನವು ಬ್ಯಾರೇನ ಅದಾವು ಅಂದ.

ಅಷ್ಟರಾಗ ಬೂಚು ತೆಗೆದಿರಬೇಕು. ನನ್ನ ಕೈಯಾಗಿನ ರೊಟ್ಟಿ ಕೈಯಾಗ ಉಳೀತು. ಯಾರೋ ಜೇನಹುಟ್ಟು ಹಿಂಡ್ಯಾರ ಅನಿಸಿತು. ಅದರ ಬೆನ್ನಿಗೆ ಹುರಿದ ಗೋಧಿ ವಾಸನಿ ಬಂತು. ಒಲಿ ಹೊಗಿ, ಕಟಗಿ ಹೊಗಿ ದಾಟಿ ಬಂತು ನೋಡು! ಎದ್ದು ಬಾಗಿಲ ಹಂತೇಕ ನಿಂತೆ.

ಇವರು ಬಾಟ್ಲಿ ಮೂಗಿಗೆ ಹಿಡದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ನಕ್ಕರು. ಲೇ ಮೌಲ್ಯಾ, ನಿನ್ನ ಕಪ್ತಾನ ಟೊಪಿಗಿ ಹಾಕ್ಯಾನಲೇ, ವಾಸನಿನ ಇಲ್ಲ ಇದಕ್ಕ, ಬಣ್ಣದ ನೀರು ಕೊಟ್ಟು ಕಳಸ್ಯಾನ ಅಂದರು.

ಮೌಲಾಸಾಬ ಗಾಬರಿಯಾಗಿ ಇವರ ಮಾರಿ ನೋಡಿದ. ಆಮ್ಯಾಲೆ ಬಾಗಲದಾಗ ನಿಂತ ನನ್ನ ಮಾರಿ ನೋಡಿದ. ಅವಗೂ ಬಡದಿತ್ತು ವಾಸನಿ. ಆದರ ಹಿರ್ಯಾರ ಮುಂದ ಎದುರ ಮಾತಾಡೂ ಹುಡುಗಲ್ಲ. ನೀವಂದರ ಆತ್ರಿ ಸಾವಕಾರ್ರ, ಮನಿಗೊಯ್ದರ ನಮ್ಮವ್ವ ನನ್ನ ಹೊರಗ ಹಾಕತಾಳ, ಇಲ್ಲೇ ಇರಲಿ ಅಂತ ಬಾಟ್ಲಿ ಬಿಟ್ಟು, ಕಾಲು ಮುಟ್ಟಿ ಹೋದ.

ನಾ ಬಾಗಿಲ ಮುಂದ ಮಾಡಿ ಇವರ ಎದುರಿಗೆ ಕುಂತೆ. ನಿಮ್ಮ ಮೂಗು ಹೋಗಿ ಎಷ್ಟು ದಿನ ಆತ್ರಿ ಅಂದೆ. ಸಂಕ್ರಾಂತಿ ಮುಂದ ಜ್ವರಾ ಬಂದಿತ್ತಲ್ಲ, ಅವತ್ತಿನಿಂದ ಅಂದರು. ಮೂರು ತಿಂಗಳು, ಬಸವಣ್ಣೆವ್ವ! ಬರೇ ಬಣ್ಣಾ ನೋಡಿ, ತುಪ್ಪದ ಹರಳು ತಿಕ್ಕಿ, ತಂದಾವರ ಕಣ್ಣು ನೋಡಿ ಹೂಂ, ಹಾಂ ಅಂದು ದಿನಾ ನೂಕ್ಯಾರ. ನನಗೂ ಹೇಳಿಲ್ಲ. ನಾ ಅವರಿಗೆ ಉಣ್ಣಾಕ ಬಡಿಸಿ ಬಾಜೂಕ ಕುಂಡ್ರಾಕಿ, ಊಟದಾಗ ಮೊದಲಿನಂಗ ಮಾತಿಲ್ಲ ಅಂತ ಕಂಡಿದ್ದೆ, ವಯಸ್ಸಾತು ಅಂದುಕೊಂಡಿದ್ದೆ. ಮಂದಿಗೆ ಹೇಳಿಬಿಡ್ರಿ ಅಂದೆ. ಮೂಗಿಲ್ಲದ ತುಪ್ಪದ ವ್ಯಾಪಾರಿ ಹಂತೇಕ ಯಾರ ಬರತಾರ, ಹೇಳಿದ ದಿನಾನ ಅಂಗಡಿ ಕದಾ ಹಾಕಬೇಕು ಅಂದರು. ಹಾಕೂಣಂತ ಅಂದೆ. ಇನ್ನ ಎಂಟು ದಿನಕ್ಕ ಗದಗದ ಅಂದಪ್ಪನವರ ಮಗಳ ಲಗ್ನಕ್ಕ ಹನ್ನೆರಡು ಡಬ್ಬಿ ನೋಡೂದೈತಿ, ಮಾತು ಕೊಟ್ಟೀನಿ, ಅವರು ಬ್ಯಾರೆ ಯಾರನ್ನೂ ನಂಬಿಲ್ಲ ಅಂತ ಹೇಳಿ ಮೊಣಕಾಲಾಗ ಮಾರಿ ಇಟ್ಟುಕೊಂಡರು. ಕೆಟ್ಟ ತುಪ್ಪ ಇವರ ಮಾತಿನ ಮ್ಯಾಲೆ ಲಗ್ನದ ಪಂಕ್ತಿಗೆ ಬಿದ್ದರ ಮುಂದ ನಾವು ಯಾರ ಮಾರಿ ನೋಡೂದು?

ಆಗ ನಾನ ಅಂದೆ, ನನ್ನ ಮೂಗು ಐತಲ್ಲ ಅಂತ. ಇವರು ತಲಿ ಎತ್ತಿ, ರೊಟ್ಟಿ ಸೀದದ್ದು ತಿಳಿಯೂ ಮೂಗಲ್ಲ ಇದಕ್ಕ ಬೇಕಾದದ್ದು, ಒಂದು ವಾಸನಿ ಹಿಂದ ನಿಂತ ಇನ್ನೊಂದು ವಾಸನಿ ಹಿಡೀಬೇಕು ಅಂದರು. ಆಮ್ಯಾಲೆ ಬಾಟ್ಲಿ ನೋಡಿದರು. ಮತ್ತ ನನ್ನ ನೋಡಿದರು. ನಿನಗ ಏನೇನ ಬಡದಿತ್ತು ಹೇಳು ಅಂದರು. ಜೇನಾ, ಹುರಿದ ಗೋಧಿ ಅಂದೆ. ಇನ್ನಾ ಅಂದರು. ಇನ್ನಾ ಏನೋ ಐತಿ, ಹೆಸರು ಬರವಲ್ದು ಅಂದೆ. ಆತು, ಇದರ ಮ್ಯಾಲೇ ಕಲಿ ಅಂದರು.

ಹಿಂಗ ನಮ್ಮ ಮನ್ಯಾಗ ಸಾಲಿ ಚಾಲೂ ಆತು. ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿದ ಮ್ಯಾಲೆ, ತುಪ್ಪದ ಬಣ್ಣಾ ನೋಡೂ ಗಾಜಿನ ಬಟ್ಟಲದಾಗ ಒಂದು ಚಮಚಾ ಹಾಕೂದು. ಬಟ್ಟಲಾ ಅಂಗೈಯಾಗ ಹಿಡದು ಬೆಚ್ಚಗ ಮಾಡೂದು. ಮೂಗು ತೂರಿಸಬ್ಯಾಡ, ವಾಸನಿ ಹಿಂದ ನೀ ಓಡಬ್ಯಾಡ, ಅದು ನಿನ್ನ ಹಂತೇಕ ಬರಲಿ ಅನ್ನತಿದ್ದರು. ಮೊದಲ ಬರೂದು ಬಾಗಿಲಾ, ಅದನ್ನ ದಾಟಿ ಒಳಗ ಹೋಗು ಅನ್ನತಿದ್ದರು. ತಮಗ ಏನೂ ಬಡಿಯೂದಿಲ್ಲ, ಆದರ ನನ್ನ ಮಾರಿ ಹಂಗ ನೋಡಿಕೋತ ಕುಂಡ್ರತಿದ್ದರು. ಮೂವತ್ತೆರಡು ವರ್ಷದಾಗ ಅವರು ನನ್ನ ಮಾರಿ ಅಷ್ಟು ಹೊತ್ತು ನೋಡಿದ್ದು ಇದ ಮೊದಲು.

ಬರೇ ಮೂಸಿದರ ಅರ್ಧಾನ, ನಾಲಿಗಿಗೆ ಮುಟ್ಟಬೇಕು ಅಂತ ಇವರು ಅಂದಾಗ ಎದ್ದು ಹೋಗಿ ಅತ್ತೆ. ಲಿಂಗಕ್ಕ ತೋರಿಸದ ಒಂದು ಅಗಳೂ ಬಾಯಿಗೆ ಹಾಕಿದಾಕಿ ಅಲ್ಲ ನಾನು, ನಿನಗ ಗೊತ್ತೈತಿ. ಇದನ್ನ ಹೆಂಗ ತೋರಸಲಿ? ತೋರಿಸದ ಹೆಂಗ ಬಾಯಿಗೆ ಹಾಕಲಿ? ಭಾಳ ಹೊತ್ತು ಕುಂತು, ಕಡೀಕ ಲಿಂಗ ಅಂಗೈಯಾಗ ಹಿಡಕೊಂಡು ಹೇಳಿದೆ. ಅಪ್ಪಾ, ಇದನ್ನ ನಿನಗ ಅರ್ಪಣ ಮಾಡೂದಿಲ್ಲ, ನಿನ್ನಿಂದ ಮುಚ್ಚಿಡೂದೂ ಇಲ್ಲ, ನೀ ಎದಿ ಮ್ಯಾಲೇ ಇರು, ನೋಡಿಕೋತ ಇರು ಅಂದೆ. ಹೊಂಟು ಬಂದು ಒಂದು ಹನಿ ನಾಲಿಗಿ ಮ್ಯಾಲೆ ಇಟ್ಟುಕೊಂಡೆ.

ಮೊದಲು ಮೆಣಸಿನಕಾಯಿ ಘಾಟು ಹತ್ತಿದಂಗ ಕಣ್ಣಾಗ ನೀರು ಬಂದು ಕೆಮ್ಮಿದೆ. ಇವರು ಬೀಸಣಿಕಿ ತಗೊಂಡು ಗಾಳಿ ಹಾಕಿದರು. ಉರಿ ಇಳದ ಮ್ಯಾಲೆ ಏನಾತು ಅಂತ ಬರಿಯಾಕ ನನ್ನ ಹಂತೇಕ ಮಾತಿಲ್ಲ, ಆದರೂ ಬರೀತೀನಿ. ನಾವು ಸಣ್ಣವರಿದ್ದಾಗ ನಿಮ್ಮ ಮನಿ ಹಗೇವು ತೆಗೆಯೂ ಮುಂದ ಬಗ್ಗಿ ನೋಡತಿದ್ದೆವಲ್ಲ, ನೆಲದೊಳಗಿನ ಕಾಳಿನ ಕಾವು ಮಾರಿಗೆ ಹೊಡೀತಿತ್ತಲ್ಲ, ಅದು ಬಂತು! ಸಮುದ್ರದ ಆಚಿ ಕಡೆ ಯಾವನೋ ಬೆಳೆದ ಕಾಳು, ಆದರ ಯಳವತ್ತಿ ಹಗೇವಿನ ಕಾವು. ಅದರ ಹಿಂದ ಕಳಿತ ಪೇರಲಹಣ್ಣು. ಅದರ ಹಿಂದ ಆಗಷ್ಟ ಹತ್ತರಿ ಹೊಡೆದ ಕಟಗಿ. ನುಂಗಿದ ಮ್ಯಾಲೂ ಹೋಗವಲ್ದು. ಕಣ್ಣು ಮುಚ್ಚಿ ನಮಃ ಶಿವಾಯ ಅನ್ನಕೋತ ಕುಂತೆ, ನೂರಾ ಎಂಟು ಮುಗಿದಾಗೂ ಗಂಟಲದಾಗ ಜೇನಿನ ಬಿಸುಪು ಇತ್ತು. ಮರುದಿನ ಎರಡು ಹನಿ ನೀರು ಬೆರೆಸಿ ನೋಡಿದೆ. ಮುಚ್ಚಿದ ಹೂವು ಬಿಚ್ಚಿದಂಗ ಇನ್ನೊಂದು ನಮೂನಿ ವಾಸನಿ ಎದ್ದು ಬಂತು. ಹನ್ನೆರಡು ವರ್ಷ ಕತ್ತಲಾಗ, ಯಾರ ಕೂಡಾನೂ ಮಾತಾಡದ, ಸುಮ್ಮ ಕುಂತ ಕಾಳಿನ ನೀರು. ತಪಸ್ಸಂದರ ಬ್ಯಾರೆ ಇನ್ನೇನು? ಇದು ಮೊದಲನೇ ಪಾವಟಿಗಿ ಆದರ ಮ್ಯಾಲಿನವು ಎಂಥಾವು ಇರಬೇಕು ಅಂತ ನೆನೆಸಿದರ ಈಗೂ ಮೈ ಝುಂ ಅಂತೈತಿ. ಸೃಷ್ಟಿ ಮಾಡಿದಾವ ಒಂದು ಕಾಳಿನಾಗ ಎಷ್ಟು ತುಂಬಿಟ್ಟಾನ!

ಎಂಟು ದಿನ ಹಿಡೀತು ನನ್ನ ಮೂಗು ಪಳಗಾಕ. ನಡಕ ನಡಕ ತುಪ್ಪಾನೂ ಮೂಸಿದೆ. ಸಾಸಿವಿ ಕಾಳಿನಷ್ಟು ಫರಕು ತಿಳಿಯಾಕ ಹತ್ತಿತು.

ಸಂತಿ ದಿನ ಅಂದಪ್ಪನವರು ಬಂದು ಕುಂತರು. ಹನ್ನೆರಡು ಡಬ್ಬಿ ತಂದಾವ ಯಂಕಪ್ಪ, ಹಳ್ಳಿ ಹಳ್ಳಿ ತಿರುಗಿ ತುಪ್ಪ ಕೂಡಿಸಿ ಮಾರಾವ, ಮಾತಿನಾಗ ಯಾರಿಗೂ ಸೋಲೂದಿಲ್ಲ. ನಾವು ಮಾಡಿದ ಹಂಚಿಕಿ ಹಿಂಗಿತ್ತು. ಇವರು ಕೈಗೆ ಹನಿ ಹಚ್ಚಿಕೊಂಡು, ನೀರು ಕುಡಿಯೂ ನೆವದಾಗ ಒಳಗ ಬರೂದು, ನಾ ಅವರ ಕೈ ಮೂಸಿ, ಚಲೋ ಇದ್ದರ ಗೋಣು ಹಾಕೂದು. ಐದು ಡಬ್ಬಿ ಹಂಗ ಆತು, ಐದೂ ಚಲೋ ಇದ್ದವು. ಆರನೇದಕ್ಕ ಇವರು ಎದ್ದರ ಯಂಕಪ್ಪ ಜೋರಾಗಿ ನಕ್ಕ. ಏನ್ರಿ ನಿಜಲಿಂಗಪ್ಪ ಸಾವಕಾರ್ರ, ಡಬ್ಬಿಗೊಮ್ಮೆ ನೀರು ಕುಡಿಯಾಕ ಹೊಂಟೀರಿ, ಬ್ಯಾಸಿಗಿ ನಿಮಗೊಬ್ಬರಿಗೇ ಬಂದೈತೇನು, ಇಲ್ಲೇ ಎಲ್ಲಾರ ಮುಂದ ಮೂಸಿ ಹೇಳ್ರೆಲಾ ಅಂದ. ಕುಂತ ಮಂದಿ ನಕ್ಕರು. ಇವರು ಎದ್ದಾವರು ನಿಂತಲ್ಲೇ ನಿಂತರು. ಹನಿ ಹಚ್ಚಿದ ಕೈ ಬೆನ್ನ ಹಿಂದ ಮಾಡಿದ್ದು ನನಗ ಬಾಗಲಸಂದ್ಯಾಗ ಕಾಣಿಸಿತು.

ನಮ್ಮ ಮನಿ ಹೆಂಗಸರು ಮಂದಿ ಇದ್ದಾಗ ಅಂಗಡಿ ಹೊಸ್ತಿಲಾ ದಾಟಿದ್ದಿಲ್ಲ. ನಾ ಸೆರಗು ತಲಿ ಮ್ಯಾಲೆ ಎಳಕೊಂಡು ದಾಟಿದೆ. ಸಂಕ್ರಾಂತಿಯಿಂದ ಇವರಿಗೆ ವಾಸನಿ ತಿಳಿಯೂದಿಲ್ಲ, ಈಗ ಮೂಸಾಕಿ ನಾನು, ನಂಬಿಕಿ ಇಲ್ಲದಾವರು ನನ್ನ ಪರೀಕ್ಷಾ ಮಾಡ್ರಿ ಅಂದೆ. ಅಂದಪ್ಪನವರು ಎದ್ದು, ಅವ್ವಾರ, ಸಿಟ್ಟಾಗಬ್ಯಾಡ್ರಿ, ಮಗಳ ಲಗ್ನದ ಮಾತೈತಿ ಅಂತ ಹೇಳಿ, ನನ್ನ ಮಾರಿ ಗ್ವಾಡಿ ಕಡೆ ಮಾಡಿಸಿ, ಉಳಿದ ಏಳೂ ಡಬ್ಬಿ ಹನಿ ಎಲಿ ಮ್ಯಾಲೆ ಹಾಕಿ ಒಂದೊಂದ ಕೊಟ್ಟರು. ನಾಕು ಚಲೋ ಇದ್ದವು. ಮೂರರಾಗ ಮ್ಯಾಲೆ ನುಗ್ಗಿಸೊಪ್ಪು ಹಾಕಿ ಕಾಸಿದ ಘಮಾ ಬಂತು. ಅದು ಬಾಗಿಲಾ, ದಾಟಿ ಹೋದೆ. ಒಳಗ ಹಳೇ ತುಪ್ಪದ ಕಮಟು ಮುದುಡಿ ಕುಂತಿತ್ತು. ಇವು ಮೂರರಾಗ ಹೋದ ವರ್ಷದ ತುಪ್ಪ ಕೂಡೈತಿ, ಸೊಪ್ಪು ಹಾಕಿ ಮತ್ತ ಕಾಸ್ಯಾರ ಅಂದೆ. ತಿರುಗಿ ನೋಡಿದರ ಯಂಕಪ್ಪ ಪಟಕಾ ಬಿಚ್ಚಿ ಬೆವರು ಒರಸಾಕ ಹತ್ತಿದ್ದ. ಇದೆಲ್ಲಾ ಎಲ್ಲಿ ಕಲತ್ರಿ ಅವ್ವಾರ ಅಂದ. ಸುಳ್ಳು ಹೇಳಾಕ ನಾಲಿಗಿ ಬರಲಿಲ್ಲ. ವಿಲಾಯತಿ ವಿಸ್ಕಿ ರುಚಿ ನೋಡಿ ಕಲತೀನಪಾ ಅಂದೆ. ಅವನ ಹೊಟ್ಟಿಯೊಳಗಿನ ಸಿಟ್ಟಿಗೆ ಅಷ್ಟ ಸಾಕಾತು, ನಿನ್ನತನಕ ಬಂದು ಮುಟ್ಟಿದ್ದು ಆ ಮಾತು.

ಅಂದಪ್ಪನವರು ಒಂಬತ್ತು ಡಬ್ಬಿ ಒಯ್ದರು. ಹೋಗೂ ಮುಂದ ಇವರಿಗೆ ಅಂದರು, ಸಾವಕಾರ್ರ, ನಿಮ್ಮ ಮಾತು ಇವತ್ತೂ ಕೆಟ್ಟಿಲ್ಲ ನೋಡ್ರಿ ಅಂತ. ಇವರು ಗಾದಿ ಮ್ಯಾಲೆ ಒಂದು ಮೊಳ ಸರಿದು, ಕುಂಡ್ರು ಅಂದರು. ಎಲ್ಲಾರ ಮುಂದ. ಕುಂತೆ. ಅವತ್ತಿನಿಂದ ಅಲ್ಲೇ ಕುಂಡ್ರತೀನಿ. ಮೌಲಾಸಾಬಗೂ ಕರೆಸಿ, ನಿನ್ನ ಕಪ್ತಾನ ಮೋಸ ಮಾಡಿಲ್ಲಪಾ, ನನ್ನ ಮೂಗು ಮೋಸ ಮಾಡಿತು ಅಂತ ಇವರು ಕೈ ಹಿಡದು ಹೇಳಿದರು.

ಮುಂದಿನ ಸೋಮವಾರ ಮಠದ ಅಜ್ಜಾರ ಹಂತೇಕ ಹೋಗಿ ಎಲ್ಲಾ ಹೇಳಿ, ಕೊಟ್ಟ ಪ್ರಾಯಶ್ಚಿತ್ತ ತಗೋಬೇಕು ಅಂತ ಮಾಡೀನಿ. ಅದಕ್ಕೂ ಮೊದಲು ನಿನಗ ಹೇಳಬೇಕು ಅನಿಸಿತು. ಇನ್ನ ನನ್ನ ಪಂಕ್ತ್ಯಾಗ ಕುಂತು ಉಣತಿಯೋ ಇಲ್ಲೋ, ಒಂದು ಕಾರ್ಡು ಹಾಕು. ಬರತೀನಿ ಅಂದರ ಬಸ್‌ಸ್ಟ್ಯಾಂಡಿಗೆ ನಾನ ಬರತೀನಿ.

ನಿನ್ನ ಉತ್ತರದ ದಾರಿ ಕಾಯಕೋತ ಅಂಗಡಿ ಗಾದಿ ಮ್ಯಾಲೆ ಕುಂತಾಕಿ,
ಶೇಖವ್ವ

ತಾ.ಕ.: ಮೂಗು ಪಳಗಾಕ ಎಂಟು ದಿನ ಹಿಡೀತು ಅಂತ ಬರದೀನಿ. ಅದನ್ನ ಹೊಡದು ಹಾಕೂಣಂದರ ಕಾಗದ ಹೊಲಸಾಗತೈತಿ, ಅದಕ್ಕ ಇಲ್ಲೇ ಹೇಳತೀನಿ. ಮೂರನೇ ದಿನಕ್ಕ ಎಲ್ಲಾ ತಿಳದಿತ್ತು. ಇವರು, ಸಾಕಿನ್ನ, ಕಲತಿ ಅಂದರು. ಇಲ್ರೀ, ಹಿಂದ ಇನ್ನೊಂದು ವಾಸನಿ ಐತಿ, ಕೈಗೆ ಸಿಗವಲ್ದು ಅಂತ ನಾನ ಅಂದೆ. ಅಂಥಾ ವಾಸನಿ ಯಾವುದೂ ಇರಲಿಲ್ಲ. ಆ ಐದು ದಿನ ಕುಡದದ್ದು ಕಲಿಯಾಕಲ್ಲ, ಬಸವಣ್ಣೆವ್ವ. ಲಿಂಗಕ್ಕ ಹೇಳೀನಿ, ಇವರಿಗೆ ಹೇಳಿಲ್ಲ. ಅಜ್ಜಾರ ಮುಂದ ಮೂರು ದಿನ ಅನ್ನಲೋ ಎಂಟು ದಿನ ಅನ್ನಲೋ, ನೀನ ಹೇಳು.